ಇಂಗ್ಲಿಷ್ ಅಲಂಕಾರಗಳೂ ಗಡಿನಾಡಿನ ತರಗತಿಯೂ

ಇದ್ದುದನ್ನು ಇದ್ದ ಹಾಗೆ ಹೇಳಿ ಸುಮ್ಮನಾಗುವುದು ಮನುಷ್ಯನ ಸ್ವಭಾವವಲ್ಲ. ಬಿಸಿಲು ಹೆಚ್ಚಾಗಿದೆ ಎನ್ನುವ ಬದಲು ‘ಕೆಂಡ ಸುರಿಯುತ್ತಿದೆ’ ಎನ್ನುತ್ತಾನೆ. ಹುಡುಗ ಜಾಣ ಎನ್ನುವ ಬದಲು ‘ಇವನೇನು ದಡ್ಡನಲ್ಲ’ ಎನ್ನುತ್ತಾನೆ. ಓದುಬರಹ ಬಲ್ಲವರು ಮಾತ್ರವಲ್ಲ, ಸಂತೆಯಲ್ಲಿ ಮೆಣಸಿನಕಾಯಿ ಮಾರುವವರೂ ಹೀಗೆಯೇ ಮಾತನಾಡುವರು. ಮಾತಿನ ಈ ಬೆಡಗನ್ನು ನಮ್ಮ ಪೂರ್ವಿಕರು ಅಲಂಕಾರವೆಂದು ಕರೆದರು. ಇಂಗ್ಲಿಷರು ಫಿಗರ್ಸ್ ಆಫ್ ಸ್ಪೀಚ್ ಎಂದರು. ಹೀಗಿದ್ದೂ ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠದ ಈ ಭಾಗವೆಂದರೆ ಮಕ್ಕಳಿಗೆ ಭಯ, ನಮಗೆ ಬೇಸರ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ನನ್ನ ಅಲ್ಪ ಅನುಭವದ ಮೇಲಿಂದ ಸಹೋದ್ಯೋಗಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ವಿದ್ವಾಂಸರಿಗೆ ಇದರಲ್ಲಿ ಹೊಸದು ಹೆಚ್ಚಿಲ್ಲದಿರಬಹುದು. ತರಗತಿಯಲ್ಲಿ ನಿಂತು ಪಾಠ ಹೇಳುವವರಿಗೆ ಅಷ್ಟಿಷ್ಟು ಪ್ರಯೋಜನವಾದರೆ ನನಗೆ ಸಾಕು.

ಕೆಂಪು ಶಾಯಿಯ ಒಂದು ಗೀಟು

ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರುಷಗಳ ಮಾತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಆ್ಯಸ್ ವೈಟ್ ಆ್ಯಸ್’ ಎಂದು ಕೊಟ್ಟು ಮುಂದಿನ ಪದವನ್ನು ತುಂಬಿರೆಂದು ಕೇಳಿದ್ದೆ. ಗೈಡಿನಲ್ಲಿದ್ದ ಉತ್ತರ ‘ಸ್ನೋ’, ಎಂದರೆ ಹಿಮ. ಒಬ್ಬ ಹುಡುಗ ‘ಕಾಟನ್’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದು ಸೊನ್ನೆ ಹಾಕಿದೆ. ಕಾಗದ ಹಂಚಿದ ದಿನ ಆ ಹುಡುಗ ಎದ್ದುನಿಂತು, “ಸರ, ಸ್ನೋ ನಾ ನೋಡಿಲ್ರಿ. ಹತ್ತಿ ಬೆಳ್ಳಗ ಇರೂದಿಲ್ಲೇನ್ರಿ?” ಎಂದು ಕೇಳಿದ. ಅವನ ಮನೆಯವರು ಹತ್ತಿ ಬೆಳೆಯುವವರು. ಆ ತಿಂಗಳಲ್ಲಿ ಅವನ ಅಂಗಿಯ ಮೇಲೆಲ್ಲ ಅರಳೆಯ ಎಳೆಗಳಿರುತ್ತಿದ್ದವು. “ಪುಸ್ತಕದಾಗ ಏನೈತೋ ಅದನ್ನ ಬರೀಬೇಕಪಾ” ಎಂದು ಹೇಳಿ ನಾನು ಕೂಡಿಸಿದೆ. ಆಮೇಲೆ ವರುಷವೆಲ್ಲ ಅವನು ಇಂಗ್ಲಿಷ್ ತರಗತಿಯಲ್ಲಿ ಕೈ ಎತ್ತಲಿಲ್ಲ.

ನಮ್ಮಂಥ ಊರುಗಳಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ತುಸು ಜಟಿಲವಾದುದು. ಮಾನೋಪಾಡು ಕೃಷ್ಣಾ ತುಂಗಭದ್ರೆಗಳ ನಡುವಣ ನಡಿಗಡ್ಡೆಯಲ್ಲಿದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೇ ಸೇರಿದ್ದವು. ಆ ವರುಷ ಅವು ಆಂಧ್ರಪ್ರದೇಶದ ಪಾಲಿಗೆ ಬಂದು ಮಹಬೂಬನಗರ ಜಿಲ್ಲೆಯಲ್ಲಿ ಸೇರಿದವು; 2014ರಿಂದ ತೆಲಂಗಾಣ, 2016ರಿಂದ ಜೋಗುಳಾಂಬ ಗದ್ವಾಲ ಜಿಲ್ಲೆ. ನಕ್ಷೆ ಬದಲಾದರೂ ಮನೆಮಾತು ಬದಲಾಗುವುದಿಲ್ಲವಷ್ಟೆ. ಒಂದೇ ಬೆಂಚಿನ ಮೇಲೆ ತೆಲುಗು ಮಾತಿನ ಮಗು, ಕನ್ನಡ ಮಾತಿನ ಮಗು, ಉರ್ದು ಮಾತಿನ ಮಗು ಕೂಡಿ ಕುಳಿತಿರುತ್ತವೆ. ಮಕ್ತಲ, ನಾರಾಯಣಪೇಟೆಗಳ ಕಡೆಯ ಅಧ್ಯಾಪಕ ಮಿತ್ರರ ಅನುಭವವೂ ಇದೇ. 2022-23ನೆಯ ಶೈಕ್ಷಣಿಕ ವರ್ಷದಿಂದ ತೆಲಂಗಾಣದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂದಿರುವುದರಿಂದ, ಮಗುವಿನ ಮನೆಮಾತಿಗೂ ಪುಸ್ತಕದ ಮಾತಿಗೂ ನಡುವೆ ಇರುವ ದೂರ ಇನ್ನೂ ಹೆಚ್ಚಿದೆ.

ಶಿಕ್ಷಣ ತರಬೇತಿಯಲ್ಲಿ ನಾವೆಲ್ಲರೂ ಕಲಿತ ಒಂದು ಸೂತ್ರವುಂಟು: ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕು. ಅಲಂಕಾರದ ಪಾಠದಲ್ಲಿ ಮಾತ್ರ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಗ್ರೀಕ್ ಹೆಸರು, ಆಮೇಲೆ ಲಕ್ಷಣ, ಆಮೇಲೆ ಹುಡುಗ ಕಾಣದ ಹಿಮದ ಉದಾಹರಣೆ! ಮಗುವಿಗೆ ಈಗಾಗಲೇ ತಿಳಿದಿರುವುದು ಏನೆಂದು ನಾವು ಕೇಳುವುದೇ ಇಲ್ಲ.

ಇಂಗ್ಲಿಷಿಗೂ ಇವು ಹೊರಗಿನಿಂದ ಬಂದವೇ

ಇಂಗ್ಲಿಷ್ ಅಲಂಕಾರಗಳ ಹೆಸರುಗಳಲ್ಲಿ ಇಂಗ್ಲಿಷಿನವು ಬಹಳ ಕಡಮೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ವಾಕ್ಕಲೆಯನ್ನೂ ಕಾವ್ಯವನ್ನೂ ಕುರಿತು ಬರೆದನು. ಕ್ರಿಸ್ತಶಕ 1ನೆಯ ಶತಮಾನದಲ್ಲಿ ರೋಮಿನ ಕ್ವಿಂಟಿಲಿಯನ್ ಎಂಬ ಉಪಾಧ್ಯಾಯನು, ವಾಗ್ಮಿಗೆ ಎಳವೆಯಿಂದ ಕೊಡಬೇಕಾದ ಶಿಕ್ಷಣವನ್ನು ವಿವರಿಸುವ ಗ್ರಂಥದಲ್ಲಿ ಇವನ್ನೆಲ್ಲ ವಿಂಗಡಿಸಿ ಹೇಳಿದನು. ಮೆಟಫರ್, ಹೈಪರ್ಬೊಲಿ, ಐರನಿ, ಮೆಟನಮಿ ಇವೆಲ್ಲ ಗ್ರೀಕ್ ಮಾತುಗಳು, ಸಿಮಿಲಿ ಲ್ಯಾಟಿನ್. 1589ರಲ್ಲಿ ‘ದಿ ಆರ್ಟ್ ಆಫ್ ಇಂಗ್ಲಿಷ್ ಪೊಯಸಿ’ ಎಂಬ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಅದು ಜಾರ್ಜ್ ಪಟನ್‌ಹ್ಯಾಮನದೆಂದು ವಿದ್ವಾಂಸರು ಹೇಳುತ್ತಾರೆ. ಗ್ರೀಕ್ ಹೆಸರುಗಳು ತನ್ನ ಜನಕ್ಕೆ ಬಾಯಿ ತಿರುಗವೆಂದು ಆತ ಅವಕ್ಕೆಲ್ಲ ಮನೆಯ ಹೆಸರುಗಳನ್ನಿಟ್ಟನು. ಐರನಿ ಅವನಿಗೆ ಒಣ ಅಣಕ. ಹೈಪರ್ಬೊಲಿ ಜೋರು ಸುಳ್ಳುಗಾರ! ಅವನಿಟ್ಟ ಹೆಸರುಗಳು ಉಳಿಯಲಿಲ್ಲ. ಆದರೆ ಇಂಗ್ಲಿಷ್ ಮಕ್ಕಳಿಗೂ ಒಂದು ಕಾಲಕ್ಕೆ ಇವು ಪರಕೀಯವಾಗಿದ್ದುವೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿದರೆ ಅವರ ಅರ್ಧ ಭಯ ಬಿಟ್ಟುಹೋಗುವುದು.

ಪಟನ್‌ಹ್ಯಾಮನಿಗಿಂತ ಏಳುನೂರು ವರುಷ ಮುಂಚೆಯೇ ಕನ್ನಡದಲ್ಲಿ ಈ ಕೆಲಸ ನಡೆದಿತ್ತು. ಸುಮಾರು 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿಯೂ ಕನ್ನಡಕ್ಕೆ ಒಗ್ಗುವಂತೆ ಅದನ್ನು ಹೊಂದಿಸಿಕೊಂಡನು. 3 ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ಹೇಳುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ವರ್ಣಿಸುವಾಗ, ಇಲ್ಲಿಯ ಜನ ಪ್ರಯತ್ನಪಟ್ಟು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂದು ಆ ಗ್ರಂಥ ಹೇಳುವುದು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯೂ ಆ ಮೇರೆಯೊಳಗಿನದೇ. ಓದದೆಯೂ ನಿಪುಣರು ಎಂಬ ಈ ಮಾತನ್ನು ನಾವು ಅಭಿಮಾನದ ಭಾಷಣಗಳಲ್ಲಿ ಬಳಸುತ್ತೇವೆ, ತರಗತಿಯಲ್ಲಿ ಬಳಸುವುದಿಲ್ಲ. ನಮ್ಮ ಮುಂದೆ ಕುಳಿತ ಮಗುವೂ ಮಾತಿನ ಪ್ರಯೋಗದಲ್ಲಿ ಆಗಲೇ ನಿಪುಣವೆಂದು ನಂಬಿ ಪಾಠ ಆರಂಭಿಸಿದರೆ ಅದು ಎಷ್ಟು ಬೇರೆಯಾಗುವುದು!

ಹೋಲಿಕೆಯ ಅಲಂಕಾರಗಳು

ಮೊದಲು ಸಿಮಿಲಿ, ಎಂದರೆ ಉಪಮೆ. ನಮ್ಮಲ್ಲಿ ಇದಕ್ಕೆ 4 ಅಂಗಗಳು: ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ. ಇಂಗ್ಲಿಷಿನಲ್ಲಿ ‘ಲೈಕ್’, ‘ಆ್ಯಸ್’ ವಾಚಕಗಳು. ಪುಸ್ತಕದ ಕನ್ನಡದಲ್ಲಿ ‘ಅಂತೆ’, ‘ಹಾಗೆ’. ನಮ್ಮ ಕಡೆಯ ಮನೆಮಾತಿನಲ್ಲಿ ‘ಹಂಗ’. “ಹತ್ತಿ ಹಂಗ ಬೆಳ್ಳಗೈತಿ” ಎಂಬ ಮಾತಿನಲ್ಲಿ ಹುಡುಗನು ಹಲ್ಲನ್ನೋ ಅಂಗಿಯನ್ನೋ ಉದ್ದೇಶಿಸಿದ್ದಾದರೆ ಅದೇ ಉಪಮೇಯ, ಹತ್ತಿ ಉಪಮಾನ, ಬಿಳುಪು ಸಮಾನಧರ್ಮ, ‘ಹಂಗ’ ವಾಚಕ. 4 ಅಂಗಗಳೂ ಪೂರ್ಣವಾಗಿವೆ. ಇದಕ್ಕೆ ನಾನು ಸೊನ್ನೆ ಕೊಟ್ಟಿದ್ದೆ! ಒಂದು ಸ್ವಾರಸ್ಯವೆಂದರೆ, ಮೆಟಫರಿನ ಎರಡು ಪಕ್ಷಗಳಿಗೆ ಇಂಗ್ಲಿಷಿನಲ್ಲಿ ಇಂದು ಬಳಸುವ ‘ಟೆನರ್’, ‘ವೆಹಿಕಲ್’ ಎಂಬ ಹೆಸರುಗಳು ಐ. ಎ. ರಿಚರ್ಡ್ಸ್ ಅವರ 1936ರ ಗ್ರಂಥದಿಂದ ರೂಢಿಗೆ ಬಂದವು. ಉಪಮೇಯ, ಉಪಮಾನ ಎಂಬವು ನಮ್ಮಲ್ಲಿ ಅದಕ್ಕಿಂತ ಸಾವಿರ ವರುಷಕ್ಕೂ ಹಳೆಯವು.

ಮೆಟಫರನ್ನು ನಾವು ರೂಪಕವೆಂದು ಬರೆಯಿಸುತ್ತೇವೆ. ಇದು ಬಹುಮಟ್ಟಿಗೆ ಸರಿ, ಪೂರ್ಣವಾಗಿ ಅಲ್ಲ. “ನಮ್ಮಪ್ಪ ಹುಲಿ” ಎಂದರೆ ರೂಪಕ. ಉಪಮೇಯ ಉಪಮಾನಗಳೆರಡೂ ಕಾಣುತ್ತವೆ. ಅಪ್ಪ ಬರುವುದನ್ನು ಕಂಡು ಮಕ್ಕಳು “ಹುಲಿ ಬಂತು” ಎಂದು ಪಿಸುಗುಟ್ಟಿದರೆ ಉಪಮೇಯವೇ ಮಾಯವಾಯಿತು. ಇದನ್ನು ನಮ್ಮ ಶಾಸ್ತ್ರಕಾರರು ರೂಪಕಾತಿಶಯೋಕ್ತಿ ಎಂದರು. ಇಂಗ್ಲಿಷಿನಲ್ಲಿ ಎರಡೂ ಮೆಟಫರೇ. ಹಾಗೆಯೇ ಹೈಪರ್ಬೊಲಿಯನ್ನು ಅತಿಶಯೋಕ್ತಿ ಎಂದು ಬರೆಯಿಸುವಾಗ, ನಮ್ಮ ಶಾಸ್ತ್ರದ ಅತಿಶಯೋಕ್ತಿಯ ವ್ಯಾಪ್ತಿ ಅದಕ್ಕಿಂತ ದೊಡ್ಡದೆಂದು ಅಧ್ಯಾಪಕನಿಗಾದರೂ ನೆನಪಿರಬೇಕು. ಉತ್ಪ್ರೇಕ್ಷೆಗೆ ಇಂಗ್ಲಿಷಿನಲ್ಲಿ ಸರಿಸಮನಾದ ಬೇರೆ ಹೆಸರು ರೂಢಿಯಲ್ಲಿಲ್ಲ. ‘ಆ್ಯಸ್ ಇಫ್’ ಎಂದು ಬರುವ ಕಡೆ ಅದು ಸಿಮಿಲಿಯ ಲೆಕ್ಕಕ್ಕೆ ಹೋಗುವುದು.

ಉರ್ದು ಮನೆಮಾತಿನ ಮಕ್ಕಳನ್ನು ಮರೆಯಬಾರದು. ಉರ್ದುವಿನಲ್ಲಿ ಉಪಮೆಗೆ ತಶ್‌ಬೀಹ್, ಮೆಟಫರಿಗೆ ಇಸ್ತಿಆರಾ, ಹೈಪರ್ಬೊಲಿಗೆ ಮುಬಾಲಿಗಾ ಎಂಬ ಹೆಸರುಗಳಿವೆ. ತೆಲುಗಿನವರಿಗೆ ಉಪಮ, ರೂಪಕಮು, ಉತ್ಪ್ರೇಕ್ಷ. ಹೆಸರುಗಳ ಮೂಲಾರ್ಥವನ್ನು ಕರಿಹಲಗೆಯ ಮೇಲೆ ಬರೆದು ನೋಡಿ: ಮೆಟಫರ್ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತೊಯ್ಯುವುದು, ರೂಪಕವೆಂದರೆ ರೂಪ ಕೊಡುವುದು, ಇಸ್ತಿಆರಾ ಎಂದರೆ ಸಾಲ ತರುವುದು. ಒಂದೇ ಕ್ರಿಯೆಯನ್ನು ಮೂರು ಜನಾಂಗಗಳು ಮೂರು ಬಗೆಯಾಗಿ ಕಂಡವು. ಇಂಥ ಪಾಠಕ್ಕೆ ಗಡಿನಾಡಿನ ತರಗತಿಗಿಂತ ಒಳ್ಳೆಯ ಸ್ಥಳ ಬೇರೆಲ್ಲಿದೆ?

ಸಂಬಂಧದ ಅಲಂಕಾರಗಳು

ಮಕ್ಕಳನ್ನು ಹೆಚ್ಚು ಗೋಳಾಡಿಸುವುವು ಮೆಟನಮಿ, ಸಿನೆಕ್‌ಡಕಿ ಎಂಬ ಎರಡು. ಇಲ್ಲಿ ಹೋಲಿಕೆಯಿಲ್ಲ, ಸಂಬಂಧವಿದೆ. ಗದ್ವಾಲ ನೇಯ್ಗೆಯ ಊರು. “ಮದುವೆಗೆ ಮಗಳಿಗೊಂದು ಗದ್ವಾಲ ತಂದೆವು” ಎಂದು ಯಾರಾದರೂ ಹೇಳಿದರೆ ಊರನ್ನು ಹೊತ್ತು ತಂದರೆಂದು ಯಾವ ಮಗುವೂ ತಿಳಿಯುವುದಿಲ್ಲ, ಸೀರೆಯೆಂದೇ ತಿಳಿಯುವುದು. ಇದೇ ಮೆಟನಮಿ. ಇಂಗ್ಲಿಷರು ಪಿಂಗಾಣಿಯನ್ನು ‘ಚೈನಾ’ ಎಂದದ್ದೂ, ಅರಸೊತ್ತಿಗೆಯನ್ನು ‘ಕ್ರೌನ್’ ಎಂದದ್ದೂ ಹೀಗೆಯೇ. “ಹತ್ತಿ ಬಿಡಿಸಲಿಕ್ಕೆ ಇಪ್ಪತ್ತು ಕೈ ಬೇಕು” ಎಂದರೆ ಅಂಗದಿಂದ ಆಳನ್ನು ಹೇಳಿದಂತಾಯಿತು. “ಮನೆಯಲ್ಲಿ ಐದು ಹೊಟ್ಟೆ ತುಂಬಬೇಕು” ಎಂಬುದೂ ಅದೇ ಜಾತಿ. ಇವು ಸಿನೆಕ್‌ಡಕಿ.

ನಮ್ಮ ಶಾಸ್ತ್ರದಲ್ಲಿ ಇವನ್ನು ಹುಡುಕುವವರು ಅಲಂಕಾರಗಳ ಪಟ್ಟಿಯಲ್ಲಿ ಹುಡುಕಿ ಬೇಸರಪಡುತ್ತಾರೆ. ಅವು ಇರುವುದು ಶಬ್ದಶಕ್ತಿಯ ಪ್ರಕರಣದಲ್ಲಿ, ಲಕ್ಷಣಾವೃತ್ತಿಯೆಂಬ ಹೆಸರಿನಲ್ಲಿ. ಗಂಗೆಯ ಮೇಲೆ ಹಳ್ಳಿಯಿದೆ ಎಂದರೆ ದಡದ ಮೇಲೆ ಎಂದರ್ಥ ಮಾಡಬೇಕೆಂಬುದು ಶಾಸ್ತ್ರಕಾರರ ಪ್ರಸಿದ್ಧ ಉದಾಹರಣೆ. ಉರ್ದುವಿನಲ್ಲಿ ಇದು ಮಜಾಜ್-ಎ-ಮುರ್ಸಲ್. ಸಾಮಾನು ಒಂದೇ, ಇಟ್ಟ ಕಪಾಟು ಬೇರೆ.

ಚೇತನಾರೋಪ

ಪರ್ಸಾನಿಫಿಕೇಶನ್ ಎಂದರೆ ಜಡಕ್ಕೆ ಜೀವವನ್ನೂ ಮನುಷ್ಯವ್ಯಾಪಾರವನ್ನೂ ಆರೋಪಿಸುವುದು. ನಮ್ಮ ಸಮಾಸೋಕ್ತಿ ಇದಕ್ಕೆ ತುಸು ಸಮೀಪದ್ದು. ಇಲ್ಲಿ ಗಡಿನಾಡಿನ ಅಧ್ಯಾಪಕನು ಗಮನಿಸಲೇಬೇಕಾದ ಒಂದು ವ್ಯಾಕರಣದ ಸೂಕ್ಷ್ಮವಿದೆ.

ಕನ್ನಡದಲ್ಲಿ ‘ಮಳೆ ಬಂತು’ ಎಂದರೆ ಸಾಮಾನ್ಯ ಮಾತು. ‘ಮಳೆರಾಯ ಬಂದ’ ಎಂದರೆ ಚೇತನಾರೋಪ. ‘ಹೊಳೆ ಬಂತು’ ಎಂದರೆ ನೀರು. ‘ಗಂಗಮ್ಮ ಬಂದಳು’ ಎಂದರೆ ತಾಯಿ. ಕ್ರಿಯಾಪದವೇ ಅಲಂಕಾರವನ್ನು ಹಿಡಿದುಕೊಡುತ್ತದೆ. ಇಂಗ್ಲಿಷಿನಲ್ಲಿಯೂ ‘ಇಟ್’ ಇರಬೇಕಾದಲ್ಲಿ ‘ಹಿ’, ‘ಶಿ’ ಬಂದರೆ ಅದೇ ಗುರುತು. ತೆಲುಗಿನಲ್ಲಿ ಹಾಗಲ್ಲ. ಅಲ್ಲಿ ‘ವಾನ ವಚ್ಚಿಂದಿ’, ‘ಅಮ್ಮ ವಚ್ಚಿಂದಿ’ ಎರಡಕ್ಕೂ ಒಂದೇ ಕ್ರಿಯಾರೂಪ. ಏಕವಚನದಲ್ಲಿ ಸ್ತ್ರೀಗೂ ಜಡವಸ್ತುವಿಗೂ ಕ್ರಿಯಾಪದದಲ್ಲಿ ಭೇದವಿಲ್ಲ. ಪುರುಷನಾದರೆ ಮಾತ್ರ ‘ವಚ್ಚಾಡು’ ಎಂದು ಬದಲಾಗುವುದು. ಉರ್ದುವಿನಲ್ಲಿ ಎಲ್ಲ ನಾಮಪದಗಳಿಗೂ ಸ್ತ್ರೀ ಪುರುಷ ಲಿಂಗ ಮೊದಲೇ ನಿಯತವಾಗಿದೆ. ‘ಬಾರಿಷ್ ಆಯೀ’ ಎಂಬಲ್ಲಿ ಮಳೆ ಸ್ತ್ರೀಲಿಂಗವಾದರೂ ಅಲಂಕಾರವೇನೂ ಇಲ್ಲ. ಆದ್ದರಿಂದ ಇಂಗ್ಲಿಷ್ ಕವಿ ನದಿಯನ್ನು ‘ಶಿ’ ಎಂದಾಗ ಕನ್ನಡದ ಹುಡುಗಿ ಕೂಡಲೇ ಗುರುತಿಸುವಳು. ಪಕ್ಕದಲ್ಲಿ ಕುಳಿತ ತೆಲುಗಿನ, ಉರ್ದುವಿನ ಮಕ್ಕಳು ಗುರುತಿಸದಿರಬಹುದು. ಇದು ದಡ್ಡತನವಲ್ಲ, ಮನೆಮಾತಿನ ವ್ಯಾಕರಣ. ಕನ್ನಡದ ಮಗುವೂ ಒಂದು ಕಡೆ ಎಡವುವುದು: ಸೂರ್ಯ, ಚಂದ್ರರು ನಮ್ಮಲ್ಲಿ ರೂಢಿಯಿಂದಲೇ ಪುಲ್ಲಿಂಗ. ಇಂಗ್ಲಿಷ್ ಪದ್ಯದಲ್ಲಿ ಸೂರ್ಯನಿಗೆ ‘ಹಿ’ ಬಂದರೆ ಅದರಲ್ಲೇನು ವಿಶೇಷವೆಂದು ಅದಕ್ಕೆ ತೋರುವುದಿಲ್ಲ. ಈ ಭೇದವನ್ನು ಅರಿಯದೆ ಮೂವರಿಗೂ ಒಂದೇ ಕೋಲಿನಿಂದ ಅಳೆದು ಅಂಕ ಹಾಕುವುದು ನ್ಯಾಯವಲ್ಲ.

ಬೇರೆಯೊಂದನ್ನು ಹೇಳಿ ಬೇರೊಂದನ್ನು ಸೂಚಿಸುವುದು

ರಾಜೋಳಿಬಂಡೆಯ ಕಾಲುವೆಯ ತುದಿಗಿರುವ ಹೊಲಗಳ ರೈತರಿಗೆ ಐರನಿಯನ್ನು ಯಾರೂ ಕಲಿಸಬೇಕಾಗಿಲ್ಲ. ಒಣಗಿದ ಕಾಲುವೆಯನ್ನು ನೋಡುತ್ತ, “ಏನು ನೀರು ಬಂತಪಾ, ಎತ್ತು ಕೊಚ್ಚಿಕೊಂಡು ಹೋದವು!” ಎನ್ನುತ್ತಾರೆ. ಹೇಳಿದ್ದು ಹೊಗಳಿಕೆ, ಧ್ವನಿಸಿದ್ದು ಸಂಕಟ. ನಮ್ಮ ವ್ಯಾಜಸ್ತುತಿ ಇದರ ನೆಂಟ. ಆದರೆ ಐರನಿಯ ವ್ಯಾಪ್ತಿ ಮಾತಿಗೆ ಮುಗಿಯುವುದಿಲ್ಲ. ನಾಟಕದಲ್ಲಿ ಪಾತ್ರಕ್ಕೆ ತಿಳಿಯದುದು ಪ್ರೇಕ್ಷಕನಿಗೆ ತಿಳಿದಿರುವುದೂ ಐರನಿಯೇ. ಕೀಚಕವಧೆಯ ಬಯಲಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕತ್ತಲಲ್ಲಿ ಹೆಣ್ಣುಡುಗೆಯಲ್ಲಿ ಕುಳಿತವನು ಭೀಮನೆಂದು ಊರಿಗೆಲ್ಲ ಗೊತ್ತು; ಕೀಚಕನೊಬ್ಬನಿಗೆ ಗೊತ್ತಿಲ್ಲ. ಅವನ ಒಂದೊಂದು ಸರಸದ ಮಾತಿಗೂ ಜನ ನಗುವುದು ಅದಕ್ಕೇ.

ಕಠೋರವಾದುದನ್ನು ಮೆತ್ತಗೆ ಹೇಳುವುದು ಯೂಫೆಮಿಸಂ. ರಾತ್ರಿ ಹಾವೆನ್ನದೆ ‘ಹುಳ’ ಎನ್ನುತ್ತೇವೆ. ತೆಲುಗಿನವರೂ ‘ಪುರುಗು’ ಎನ್ನುತ್ತಾರೆ. ದೀಪ ಆರಿತು ಎನ್ನಬಾರದೆಂದು ನಾವು ‘ಶಾಂತವಾಯಿತು’ ಎಂದರೆ, ಅವರು ದೀಪ ‘ಕೊಂಡೆಕ್ಕಿಂದಿ’ ಎನ್ನುವರು. ಬೆಟ್ಟ ಹತ್ತಿತು ಎಂದರ್ಥ. ಮೇಲೆ ಹೇಳಿದ ‘ದಡ್ಡನಲ್ಲ’ ಎಂಬಂತೆ ಇಲ್ಲವೆನ್ನುತ್ತಲೇ ಹೌದೆನ್ನುವುದು ಲಿಟೊಟೀಸ್. ಉತ್ತರ ಬೇಡದ ಪ್ರಶ್ನೆ ರೆಟರಿಕಲ್ ಕ್ವೆಶ್ಚನ್. ದನಿಯ ಏರಿಳಿತದಿಂದ ಅರ್ಥ ತಿರುಗಿಸುವ ಕಾಕುವಿನ ಬಳಕೆ ಅದರಲ್ಲಿದೆ. “ನಾನೇನು ನಿನ್ನ ಆಳೇನು?” ಎಂಬ ತಾಯಿಯ ಮಾತಿಗೆ ಹೌದೆಂದು ಉತ್ತರ ಕೊಟ್ಟ ಮಗನ ಗತಿ ಎಲ್ಲರಿಗೂ ತಿಳಿದದ್ದೇ.

ನಾದದ ಅಲಂಕಾರಗಳು

ಅಲಿಟರೇಶನ್ ನಮ್ಮ ಅನುಪ್ರಾಸದಂಥದು. ಒಂದು ಎಚ್ಚರ: ಅಲ್ಲಿ ಎಣಿಸಬೇಕಾದುದು ಅಕ್ಷರವನ್ನಲ್ಲ, ಉಚ್ಚಾರವನ್ನು. ‘ಸಿಟಿ’ ಮತ್ತು ‘ಕ್ಯಾಟ್’ ಎರಡೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಆರಂಭವಾದರೂ ಪ್ರಾಸವಾಗವು. ಹಳೆಯ ಕನ್ನಡ ಪದ್ಯದ ಆದಿಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ಬರುವುದು; ಇಂಗ್ಲಿಷಿನ ರೈಮ್ ಸಾಲಿನ ಕೊನೆಯಲ್ಲಿ. ಇನ್ನೊಂದು ಗಡಿಯಾದ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಬಿಟ್ಟುದೂ, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1920ರ ದಶಕದಲ್ಲಿ ಹೊಸ ಧಾಟಿಗಳನ್ನು ತಂದುದೂ ಕನ್ನಡ ಕಾವ್ಯದ ದಾರಿ ತಿರುಗಿಸಿದ ಸಂಗತಿಗಳು. ಆನೊಮಟೊಪೀಯ ಎಂಬುದು ನಮ್ಮ ದಬದಬ, ಚಟಚಟ, ಸರಸರಗಳೇ. ನಾವು ಇವನ್ನು ಅನುಕರಣಾವ್ಯಯವೆಂದು ವ್ಯಾಕರಣದಲ್ಲಿ ಇಟ್ಟೆವು. ಅವರು ಅಲಂಕಾರದಲ್ಲಿ ಇಟ್ಟರು.

ಪನ್ ಎಂದರೆ ಶ್ಲೇಷ. ಒಮ್ಮೆ ನಾನು ‘ಸೂರ್ಯ ಮೂಡುವನು’ ಎಂಬ ವಾಕ್ಯ ಹೇಳಿ ‘ಮೂಡು’ ಎಂಬ ಧಾತುವನ್ನು ಹಲಗೆಯ ಮೇಲೆ ಬರೆದಾಗ, ತೆಲುಗಿನ ಹುಡುಗನೊಬ್ಬ “ಸೂರ್ಯುಡು ಮೂಡಾ ಸಾರ್? ಮರಿ ಚಂದ್ರುಡು ನಾಲುಗಾ?” ಎಂದ. ತೆಲುಗಿನಲ್ಲಿ ಮೂಡು ಎಂದರೆ ಮೂರು, ನಾಲುಗು ಎಂದರೆ ನಾಲ್ಕು. ತರಗತಿಯೆಲ್ಲ ನಕ್ಕಿತು. ಆ ದಿನ ಶ್ಲೇಷದ ಲಕ್ಷಣವನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಪಾಠದ ಕ್ರಮ

ಇಷ್ಟಾದ ಮೇಲೆ ನಾನು ಈಗ ಅನುಸರಿಸುತ್ತಿರುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲ ದಿನ ಪುಸ್ತಕ ತೆರೆಯಿಸುವುದಿಲ್ಲ. ಮನೆಯಲ್ಲಿ, ಹೊಲದಲ್ಲಿ ಕೇಳಿದ ಒಂದೊಂದು ಸೊಗಸಾದ ಮಾತನ್ನು, ಯಾವ ಭಾಷೆಯದಾದರೂ ಸರಿ, ಬರೆದು ತರಹೇಳುತ್ತೇನೆ. ಎರಡನೆಯ ದಿನ ಅವನ್ನು ಹಲಗೆಯ ಮೇಲೆ ಬರೆದು, ಹೋಲಿಕೆಯವು, ಸಂಬಂಧದವು, ವಿರುದ್ಧಾರ್ಥದವು, ನಾದದವು ಎಂದು ಮಕ್ಕಳಿಂದಲೇ ವಿಂಗಡಿಸುತ್ತೇನೆ. ಇಂಗ್ಲಿಷ್ ಹೆಸರು ಬರುವುದು ಮೂರನೆಯ ದಿನ. ಅನಂತರ ಪಾಠದ ಪದ್ಯದಲ್ಲಿ ಅದನ್ನು ಹುಡುಕಿಸಿ, ‘ಕವಿ ಇದನ್ನು ನೇರವಾಗಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು?’ ಎಂದು ಕೇಳುತ್ತೇನೆ. ಹೆಸರು ಹೇಳಿದ ಮಗುವಿಗೆ ಅಂಕ ಬಂದೀತು. ಈ ಪ್ರಶ್ನೆಗೆ ಉತ್ತರ ಹೇಳಿದ ಮಗುವಿಗೆ ಕಾವ್ಯ ದಕ್ಕೀತು. ತನ್ನ ಊರಿನ ಉದಾಹರಣೆ ಹಿಡಿಯುವುದು ಶಾಸ್ತ್ರಕ್ಕೆ ಹೊರಗಿನದೂ ಅಲ್ಲ. ಮೈಸೂರಿನ ತಿರುಮಲಾರ್ಯನು 17ನೆಯ ಶತಮಾನದಲ್ಲಿ ‘ಅಪ್ರತಿಮವೀರಚರಿತೆ’ ಎಂಬ ಅಲಂಕಾರಗ್ರಂಥ ಬರೆದಾಗ, ಉದಾಹರಣೆಗಳಲ್ಲೆಲ್ಲ ತನ್ನ ಅರಸ ಚಿಕದೇವರಾಜನನ್ನೇ ಹೊಗಳಿದನು. ಅರಸನಿಗೆ ಸಂದ ಮಾನ ಹತ್ತಿಗೆ ಏಕೆ ಸಲ್ಲಬಾರದು?

ಒಂದು ಆಕ್ಷೇಪಣೆ ಬರಬಹುದು: ಮನೆಮಾತನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಇಂಗ್ಲಿಷ್ ಕೆಡುವುದಿಲ್ಲವೇ ಎಂದು. ಕೆಡುವುದುಂಟು. ‘ಹೊಟ್ಟೆಕಿಚ್ಚು’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಓದಿದವನು ಔಷಧ ಕೊಟ್ಟಾನು! ರೂಢಿಯಾಗಿ ಹೆಪ್ಪುಗಟ್ಟಿದ ನುಡಿಗಟ್ಟು ಗಡಿ ದಾಟುವುದಿಲ್ಲ. ಕಣ್ಣಿಗೆ ಕಾಣುವ ಹೋಲಿಕೆ ದಾಟುವುದು. ಹಿಮದಷ್ಟು ಬಿಳುಪು ಎಂಬುದು ಇಂಗ್ಲಿಷಿನ ನುಡಿಗಟ್ಟು. ನುಡಿಗಟ್ಟನ್ನೇ ಕೇಳಿದಾಗ ಅದನ್ನೇ ಬರೆಯಬೇಕು. ಉಪಮೆಯನ್ನು ರಚಿಸೆಂದು ಕೇಳಿದಾಗ ಹತ್ತಿಯೂ ಸರಿ. ಪ್ರಶ್ನೆ ಯಾವುದನ್ನು ಕೇಳುತ್ತಿದೆಯೆಂದು ತಿಳಿಸಿಕೊಡುವುದು ಅಧ್ಯಾಪಕನ ಹೊಣೆ. ನನ್ನ ತಪ್ಪು ಇದ್ದುದು ಅಲ್ಲಿ. ಹುಡುಗ ಉಪಮೆ ಬರೆದಿದ್ದ. ನಾನು ನುಡಿಗಟ್ಟನ್ನು ಹುಡುಕಿದೆ. ಎರಡಕ್ಕೂ ಇರುವ ಭೇದವನ್ನು ಅವನಿಗೆ ಹೇಳಲಿಲ್ಲ. ನಿಜವಾಗಿ ನನಗೇ ಅದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಈಗ ಪ್ರತಿವರ್ಷ ಸಿಮಿಲಿಯ ಪಾಠ ಬಂದಾಗ ಒಂದು ಬಿಡಿಸಿದ ಹತ್ತಿಯ ಕಾಯನ್ನು ಮೇಜಿನ ಮೇಲಿಟ್ಟು ಪಾಠ ಆರಂಭಿಸುತ್ತೇನೆ. ಹಿಮದ ಚಿತ್ರವನ್ನೂ ತೋರಿಸುತ್ತೇನೆ, ಅದೂ ಬೇಕಾದದ್ದೇ. ಆದರೆ ಮೊದಲು ಹತ್ತಿ, ಆಮೇಲೆ ಹಿಮ. ಆ ಹುಡುಗ ಇಂದು ಎದುರಾದರೆ ಅವನಿಗೆ ಸಲ್ಲಬೇಕಾದ 1 ಅಂಕವನ್ನು ನಾನು ಇನ್ನೂ ಕೊಡಬೇಕಾಗಿದೆ. ಅವನಿಗೆ ಕೊಡಲಾರದ್ದನ್ನು ಇಂದಿನ ಮಕ್ಕಳಿಗಾದರೂ ತಪ್ಪದೆ ಕೊಡೋಣವೆಂದು ಸಹೋದ್ಯೋಗಿ ಬಂಧುಗಳಲ್ಲಿ ನನ್ನ ವಿನಂತಿ.